ಸೂಲಗಿತ್ತಿಯರ ಶಾಲೆ ಮುಚ್ಚಿಸಿದ ನೈಟಿಂಗೇಲ್

ಫ್ಲಾರೆನ್ಸ್ ನೈಟಿಂಗೇಲ್ ಎಂದೊಡನೆ ಶಾಲೆಯ ಪಾಠ ನೆನಪಾಗುತ್ತದೆ: ಕೈಯಲ್ಲಿ ದೀಪ ಹಿಡಿದು ಗಾಯಾಳು ಸೈನಿಕರ ಸಾಲುಗಳ ನಡುವೆ ಸಾಗುವ ಮಹಿಳೆ. 1854ರಿಂದ 1856ರವರೆಗಿನ ಆ ಯುದ್ಧಕಾಲದ ಚಿತ್ರ, ಆಕೆ ಅನಂತರ ಬದುಕಿದ ಐವತ್ನಾಲ್ಕು ವರ್ಷಗಳನ್ನು ಮರೆಮಾಡಿಬಿಟ್ಟಿದೆ. ಆ ದೀರ್ಘ ಅವಧಿಯಲ್ಲಿ ಬಾಣಂತಿಯರಿಗಾಗಿ ಆಕೆ ಕೈಗೊಂಡ ಪ್ರಯೋಗವೊಂದು ದಾರುಣವಾಗಿ ಸೋತಿತು. ಮಹಿಳೆಯರ ಆರೈಕೆ ಹೇಗಿರಬೇಕು ಎಂಬ ಆಕೆಯ ನಿಲುವು ಗಟ್ಟಿಗೊಂಡದ್ದು ಆ ಸೋಲಿನಿಂದಲೇ.

1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ, ಸಿರಿವಂತ ಇಂಗ್ಲಿಷ್ ಮನೆತನದಲ್ಲಿ ಆಕೆ ಜನಿಸಿದರು. ದಾದಿಯ ಕೆಲಸ ಮರ್ಯಾದಸ್ಥ ಕುಟುಂಬಗಳಿಗೆ ತಕ್ಕುದಲ್ಲವೆಂದು ಭಾವಿಸಲಾಗಿದ್ದ ಕಾಲ ಅದು. ಮನೆಯವರ ವಿರೋಧವನ್ನು ವರ್ಷಗಟ್ಟಲೆ ಎದುರಿಸಿ, 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ತರಬೇತಿ ಪಡೆದರು. ಯುದ್ಧದಿಂದ ಮರಳಿದ ಮೇಲೆ ಅನಾರೋಗ್ಯ ಬಿಡಲಿಲ್ಲ. ಬಹುಪಾಲು ಕೆಲಸ ಕೋಣೆಯೊಳಗಿಂದ, ಪತ್ರಗಳ ಮೂಲಕ ಮತ್ತು ಅಂಕಿಅಂಶಗಳ ಬಲದಿಂದ ನಡೆಯಿತು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ದಾದಿಯರ ಶಾಲೆ ಆರಂಭವಾಯಿತು. ರೋಗವನ್ನು ಗುಣಪಡಿಸುವುದು ಪ್ರಕೃತಿ. ಗಾಳಿ, ಬೆಳಕು, ಶುಚಿತ್ವ, ಮೌನಗಳನ್ನು ಒದಗಿಸಿ ಆ ಕೆಲಸಕ್ಕೆ ಅನುವು ಮಾಡಿಕೊಡುವುದು ದಾದಿಯ ಧರ್ಮ ಎಂಬುದು ಆಕೆಯ ಮೂಲ ನಂಬಿಕೆ.

ಇದೇ ನಂಬಿಕೆಯನ್ನು ಹೆರಿಗೆಗೂ ಅನ್ವಯಿಸಲು ಹೊರಟರು. ಹಳ್ಳಿಗಳ ಬಡ ಗರ್ಭಿಣಿಯರಿಗೆ ತರಬೇತಾದ ಸೂಲಗಿತ್ತಿಯರು ಸಿಗಬೇಕೆಂಬ ಆಶಯದಿಂದ, 1860ರ ದಶಕದ ಆರಂಭದಲ್ಲಿ ತಮ್ಮ ನಿಧಿಯ ಹಣದಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜು ಆಸ್ಪತ್ರೆಯೊಳಗೆ ಹೆರಿಗೆ ವಾರ್ಡನ್ನೂ ಅದಕ್ಕೆ ಹೊಂದಿಕೊಂಡ ಶಾಲೆಯನ್ನೂ ತೆರೆಯಿಸಿದರು. ಉದ್ದೇಶ ನಿಷ್ಕಳಂಕವಾಗಿತ್ತು. ಆದರೆ ವಾರ್ಡಿಗೆ ಸೂತಿಕಾ ಜ್ವರ ಕಾಲಿಟ್ಟಿತು. ಆರೋಗ್ಯವಂತರಾಗಿ ಬಂದ ತಾಯಂದಿರು ಹೆರಿಗೆಯಾದ ಕೆಲವೇ ದಿನಗಳಲ್ಲಿ ಸಾಯತೊಡಗಿದರು. ಒಟ್ಟು ಲೆಕ್ಕ ಹಾಕಿದಾಗ ಪ್ರತಿ ಸಾವಿರ ಹೆರಿಗೆಗೆ ಸುಮಾರು 33 ಸಾವು. ಇಂಗ್ಲೆಂಡಿನಾದ್ಯಂತ, ಬಹುತೇಕ ಮನೆಗಳಲ್ಲೇ ಹೆರಿಗೆಯಾಗುತ್ತಿದ್ದ ಆ ಕಾಲದಲ್ಲಿ, ಅದು ಸಾವಿರಕ್ಕೆ ಐದರ ಆಸುಪಾಸು ಇತ್ತು. 1867ರಲ್ಲಿ ವಾರ್ಡು, ಶಾಲೆ ಎರಡೂ ಮುಚ್ಚಿದವು.

ಬೇರೊಬ್ಬರಾಗಿದ್ದರೆ ವಿಷಯವನ್ನು ಅಲ್ಲಿಗೇ ಮರೆಯುತ್ತಿದ್ದರೇನೋ. ಆಕೆ ಯೂರೋಪಿನ ಹೆರಿಗೆ ಆಸ್ಪತ್ರೆಗಳ ಮರಣದ ಲೆಕ್ಕಗಳನ್ನು ಕಲೆಹಾಕಲು ಕುಳಿತರು. ವೈದ್ಯ ಜಾನ್ ಸದರ್‌ಲ್ಯಾಂಡ್ ನೆರವಾದರು. ಫಲವಾಗಿ 1871ರಲ್ಲಿ ಹೆರಿಗೆ ಆಸ್ಪತ್ರೆಗಳ ಕುರಿತ ಪುಸ್ತಕ ಹೊರಬಂತು. ಅದರ ಅರ್ಪಣೆ ಸಾಕ್ರಟೀಸನ ತಾಯಿಗೆ. ಆಕೆ ಸೂಲಗಿತ್ತಿಯಾಗಿದ್ದಳೆಂಬುದು ಪ್ರತೀತಿ.

ಪುಸ್ತಕದ ತಿರುಳು ಅಂದಿನವರಿಗೆ ಅರಗದ ಸಂಗತಿಯಾಗಿತ್ತು. ಹೆರಿಗೆ ರೋಗವಲ್ಲ, ಆದ್ದರಿಂದ ಬಾಣಂತಿಯ ಸಾವನ್ನು ವಿಧಿಯೆಂದು ಒಪ್ಪಲಾಗದು, ಪ್ರತಿಯೊಂದಕ್ಕೂ ಕಾರಣ ಹುಡುಕಬೇಕು. ತಾಯಂದಿರನ್ನು ಒಂದೇ ಸೂರಿನಡಿ ಗುಂಪುಗೂಡಿಸಿದಷ್ಟೂ ಅಪಾಯ ಹೆಚ್ಚು. ಬಡವರ ಮನೆಯೇ ಎಷ್ಟೋ ಆಸ್ಪತ್ರೆಗಳಿಗಿಂತ ಸುರಕ್ಷಿತ. ಆಸ್ಪತ್ರೆ ಅನಿವಾರ್ಯವಾದರೆ ಕೆಲವೇ ಹಾಸಿಗೆಗಳ ಬಿಡಿ ಕಟ್ಟಡಗಳಿರಲಿ, ವೈದ್ಯ ವಿದ್ಯಾರ್ಥಿಗಳಿಗೆ ಅಲ್ಲಿ ಪ್ರವೇಶ ಬೇಡ. ಸೂಲಗಿತ್ತಿಗೆ ತಿಂಗಳುಗಳ ಅವಸರದ ಪಾಠ ಸಾಲದು, ಪೂರ್ಣಪ್ರಮಾಣದ ಶಿಕ್ಷಣ ಬೇಕು. ದಾದಿಯರ ಜನನಿಯೆಂದು ಜಗತ್ತು ಕೊಂಡಾಡುತ್ತಿದ್ದವರೇ ಆಸ್ಪತ್ರೆಯ ವಿರುದ್ಧ ಸಾಕ್ಷ್ಯ ನುಡಿದಂತಾಯಿತು.

ಆದರೆ ಕಾರಣ ಗುರುತಿಸುವಲ್ಲಿ ಆಕೆ ಎಡವಿದರೆಂಬುದನ್ನೂ ಹೇಳಬೇಕು. ಕೆಟ್ಟ ಗಾಳಿಯೇ ಜ್ವರದ ಮೂಲವೆಂದು ಬಲವಾಗಿ ನಂಬಿದ್ದರು. ಪರೀಕ್ಷಿಸುವವರ ಕೈಗಳೇ ಸೋಂಕು ಒಯ್ಯುತ್ತವೆ ಎಂಬುದನ್ನು ವಿಯೆನ್ನಾದಲ್ಲಿ ಸೆಮ್ಮೆಲ್ವೈಸ್ 1847ರಲ್ಲೇ ಕಂಡುಕೊಂಡಿದ್ದರು. ಜ್ವರಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ಪಾಶ್ಚರ್ ತೋರಿಸಿದ್ದು 1879ರಲ್ಲಿ. ಆಕೆಯ ಸಿದ್ಧಾಂತ ತಪ್ಪಾಗಿದ್ದರೂ ದಟ್ಟಣೆ ತಪ್ಪಿಸಿ, ಶುಚಿತ್ವ ಕಾಪಾಡಿ ಎಂಬ ಸಲಹೆ ಜೀವ ಉಳಿಸುವಂಥದ್ದೇ ಆಗಿತ್ತು.

ಮುಂದೆ ಆಕೆಯ ಗಮನ ಆಸ್ಪತ್ರೆಯಿಂದ ಮನೆಯತ್ತ ಹೊರಳಿತು. 1892ರಲ್ಲಿ ಬಕಿಂಗ್‌ಹ್ಯಾಂಷೈರಿನ ಹಳ್ಳಿಗಳಲ್ಲಿ, ಮನೆಮನೆಗೂ ಹೋಗಿ ತಾಯಂದಿರಿಗೆ ಆರೋಗ್ಯದ ತಿಳಿವಳಿಕೆ ನೀಡುವ ಮಹಿಳೆಯರನ್ನು ತಯಾರುಮಾಡುವ ಕೆಲಸಕ್ಕೆ ಬೆಂಬಲವಾಗಿ ನಿಂತರು. ಭಾರತಕ್ಕೆ ಒಮ್ಮೆಯೂ ಬಾರದಿದ್ದರೂ ಇಲ್ಲಿನ ನೈರ್ಮಲ್ಯದ ಬಗ್ಗೆ ದಶಕಗಳ ಕಾಲ ಬರೆದರು. ಭಾರತೀಯ ಮಹಿಳೆಯರ ಚಿಕಿತ್ಸೆಗಾಗಿ 1885ರಲ್ಲಿ ನಿಧಿ ಸ್ಥಾಪಿಸಿದ ಲೇಡಿ ಡಫರಿನ್ ಆಕೆಯ ಸಲಹೆ ಪಡೆದಿದ್ದರು.

ಸೂಲಗಿತ್ತಿಯರ ತರಬೇತಿ ಮತ್ತು ನೋಂದಣಿಗೆ ಇಂಗ್ಲೆಂಡ್ ಕಾಯಿದೆ ಮಾಡಿದ್ದು 1902ರಲ್ಲಿ. ಕಿಂಗ್ಸ್ ಕಾಲೇಜಿನ ವಾರ್ಡು ಮುಚ್ಚಿ ಆಗ ಮೂವತ್ತೈದು ವರ್ಷ ಸಂದಿದ್ದವು, ಆಕೆಯ ಕಣ್ಣುಗಳು ಬಹುಮಟ್ಟಿಗೆ ಕಾಣದಾಗಿದ್ದವು. 1910ರ ಆಗಸ್ಟ್ 13ರಂದು, ತೊಂಬತ್ತನೆಯ ವಯಸ್ಸಿನಲ್ಲಿ, ಲಂಡನ್ನಿನ ಮನೆಯಲ್ಲಿ ನೈಟಿಂಗೇಲ್ ನಿಧನರಾದರು.