ಮುಳ್ಳು ಅಲುಗಿದ ಆ ಕ್ಷಣ

ಕಳೆದ ಸೆಮಿಸ್ಟರ್‌ನಲ್ಲಿ ನಡೆದದ್ದು. ಲ್ಯಾಬ್ ಮೇಜಿನ ಮೇಲೆ ಎರಡು ಸುರುಳಿ, ಒಂದು ಬ್ಯಾಟರಿ, ಒಂದು ಗ್ಯಾಲ್ವನೋಮೀಟರ್. ಸ್ವಿಚ್ ಹಾಕಿದಾಗ ಮುಳ್ಳು ಅಲುಗಿತಂತೆ. ನನ್ನ ಕಣ್ಣು ಮೇಜಿನ ಕೆಳಗೆ ಹಿಡಿದಿದ್ದ ಮೊಬೈಲ್ ಮೇಲಿತ್ತು. ಗೆಳೆಯನ ರೆಕಾರ್ಡ್ ನೋಡಿ ಬರೆದುಕೊಂಡೆ. ವೈವಾದಲ್ಲಿ ಮೇಡಂ ಅದನ್ನೇ ಕೇಳಿದರು: ಸ್ವಿಚ್ ತೆಗೆದಾಗ ಮುಳ್ಳು ಯಾವ ಕಡೆ ತಿರುಗಿತು? ತಲೆತಗ್ಗಿಸಿ ನಿಂತೆ. ಆ ನಾಚಿಕೆಯಲ್ಲೇ ಮೈಕೆಲ್ ಫ್ಯಾರಡೆ ಅವರ ಬದುಕನ್ನು ಓದಲು ಕೂತೆ.

1791ರಲ್ಲಿ ಬಡ ಕಮ್ಮಾರರ ಮನೆಯಲ್ಲಿ ಹುಟ್ಟಿದ ಫ್ಯಾರಡೆ ಅವರಿಗೆ ಶಾಲೆ ಸಿಕ್ಕಿದ್ದು ಅಷ್ಟಕ್ಕಷ್ಟೆ. 14ನೇ ವಯಸ್ಸಿಗೆ ಲಂಡನ್‌ನಲ್ಲಿ ಪುಸ್ತಕ ಬೈಂಡಿಂಗ್ ಅಂಗಡಿಯೊಂದರಲ್ಲಿ ಕೆಲಸ ಕಲಿಯಲು ಸೇರಿದರು. ಬೈಂಡಿಂಗ್‌ಗೆ ಬಂದ ಪುಸ್ತಕಗಳೇ ಅವರಿಗೆ ಕಾಲೇಜಾದವು. ತಮ್ಮ ನೆನಪಿನ ಶಕ್ತಿಯ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ಹಾಗಾಗಿ ಓದಿದ್ದು, ಕಂಡದ್ದು ಎಲ್ಲವನ್ನೂ ಬರೆದಿಡುತ್ತಿದ್ದರು. 1812ರಲ್ಲಿ ಗಿರಾಕಿಯೊಬ್ಬರು ಕೊಟ್ಟ ಟಿಕೆಟ್‌ನಿಂದ ಹಂಫ್ರಿ ಡೇವಿ ಅವರ ನಾಲ್ಕು ಉಪನ್ಯಾಸ ಕೇಳುವ ಅವಕಾಶ ಸಿಕ್ಕಿತು. ಕೇಳಿದ್ದನ್ನು ಚಿತ್ರಸಹಿತ ಸುಮಾರು 300 ಪುಟ ಬರೆದು, ತಾವೇ ಬೈಂಡ್ ಮಾಡಿ ಡೇವಿಗೆ ಕಳುಹಿಸಿದರು. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಅದೇ ಅವರ ರೆಸ್ಯೂಮೆ. ಮರುವರ್ಷ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಸಹಾಯಕನ ಕೆಲಸ ಸಿಕ್ಕಿತು.

ವಿದ್ಯುತ್ತಿನಿಂದ ಕಾಂತಸೂಜಿ ಅಲುಗುತ್ತದೆ ಎಂದು 1820ರಲ್ಲೇ ಗೊತ್ತಾಗಿತ್ತು. ಹಾಗಾದರೆ ಕಾಂತದಿಂದ ವಿದ್ಯುತ್ ಬರಬಾರದೇಕೆ? ಹಲವರು ಪ್ರಯತ್ನಿಸಿದರು. ಜಿನೀವಾದ ಕೊಲಾಡಾನ್ ಅವರು ಕಾಂತದ ಪ್ರಭಾವ ತಟ್ಟದಿರಲೆಂದು ಮೀಟರನ್ನು ಪಕ್ಕದ ಕೋಣೆಯಲ್ಲಿಟ್ಟಿದ್ದರು. ಸುರುಳಿಯೊಳಗೆ ಕಾಂತ ತೂರಿಸಿ, ನಡೆದು ಹೋಗಿ ನೋಡುವಷ್ಟರಲ್ಲಿ ಮುಳ್ಳು ಮತ್ತೆ ಸೊನ್ನೆಗೆ ಬಂದಿರುತ್ತಿತ್ತು!

1831ರ ಆಗಸ್ಟ್ 29ರಂದು ಫ್ಯಾರಡೆ ಸುಮಾರು ಆರು ಇಂಚಿನ ಕಬ್ಬಿಣದ ಉಂಗುರದ ಎರಡು ಬದಿಗೆ ತಂತಿ ಸುತ್ತಿದರು. ಒಂದು ಬದಿಗೆ ಬ್ಯಾಟರಿ ಜೋಡಿಸಿದಾಗ, ಇನ್ನೊಂದು ಬದಿಯ ಸೂಜಿ ಒಮ್ಮೆ ಅಲುಗಿ ನಿಂತಿತು. ಬ್ಯಾಟರಿ ತೆಗೆದಾಗ ಮತ್ತೊಮ್ಮೆ ಅಲುಗಿತು. ಅಷ್ಟೇ. ಎಲ್ಲರೂ ಹುಡುಕುತ್ತಿದ್ದುದು ನಿರಂತರ ಪ್ರವಾಹವನ್ನು. ಅವರು ಮಾತ್ರ ಆ ಕ್ಷಣಮಾತ್ರದ ಅಲುಗಾಟವನ್ನೇ ಹಿಡಿದು ಕೂತರು. ಬದಲಾವಣೆ ಇದ್ದರಷ್ಟೇ ವಿದ್ಯುತ್ ಎಂಬುದು ಹೊಳೆಯಿತು. ಎರಡೇ ತಿಂಗಳಲ್ಲಿ, ಕಾಂತದ ಧ್ರುವಗಳ ನಡುವೆ ತಾಮ್ರದ ತಟ್ಟೆ ತಿರುಗಿಸಿ ನಿರಂತರ ಪ್ರವಾಹವನ್ನೂ ಪಡೆದರು.

ಆಗಲೂ ಗಮನ ಸೆಳೆಯುವ ಸಂಗತಿಗಳಿಗೆ ಬರವಿರಲಿಲ್ಲ. ಕೈತುಂಬ ಹಣ ತರುತ್ತಿದ್ದ ಹೊರಗಿನ ಕೆಲಸಗಳನ್ನು ಫ್ಯಾರಡೆ ಬಿಟ್ಟರು. ನೈಟ್ ಪದವಿ ಬೇಡವೆಂದರು, ರಾಯಲ್ ಸೊಸೈಟಿಯ ಅಧ್ಯಕ್ಷ ಸ್ಥಾನವನ್ನು ಎರಡು ಸಲ ನಿರಾಕರಿಸಿದರು. ಹಾಗೆಂದು ಜನರಿಂದ ದೂರ ಸರಿದವರಲ್ಲ. ಮಕ್ಕಳಿಗಾಗಿ ಕ್ರಿಸ್‌ಮಸ್ ಉಪನ್ಯಾಸ ಕೊಡುತ್ತಿದ್ದರು. ದುಡಿದು ದಣಿದು, 50ರ ಹೊತ್ತಿಗೆ ಆರೋಗ್ಯ ಕೆಟ್ಟು ಕೆಲಕಾಲ ಸಂಶೋಧನೆಯನ್ನೇ ನಿಲ್ಲಿಸಬೇಕಾಯಿತು. ಮರೆವು ಕಾಡಿದಂತೆಲ್ಲ ನೋಟ್‌ಬುಕ್ಕೇ ಆಸರೆಯಾಯಿತು. ಅವರ ಪ್ರಯೋಗದ ದಿನಚರಿಯಲ್ಲಿ ಸಂಖ್ಯೆ ಹಾಕಿದ ಟಿಪ್ಪಣಿಗಳೇ 16,000ಕ್ಕೂ ಹೆಚ್ಚು. 1867ರಲ್ಲಿ ತೀರಿಕೊಂಡರು.

ನನ್ನ ಮೊಬೈಲ್ ಚಾರ್ಜರ್‌ನೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರ್ ಆ ಉಂಗುರದ ಮೊಮ್ಮಗ. ಹಾಗಾಗಿ ಮೊಬೈಲನ್ನು ಬೈಯಲು ನನಗೆ ಬಾಯಿಲ್ಲ. ಲ್ಯಾಬ್‌ಗೆ ಹೋಗುವಾಗ ಅದನ್ನು ಬ್ಯಾಗ್‌ನಲ್ಲೇ ಬಿಡುತ್ತಿದ್ದೇನೆ, ಅಷ್ಟೇ. ಕೈ ಈಗಲೂ ತಾನಾಗಿಯೇ ಜೇಬು ತಡಕುತ್ತದೆ.

ಮೊನ್ನೆ ಮೇಡಂ ಅನುಮತಿ ಪಡೆದು ಆ ಪ್ರಯೋಗ ಮತ್ತೆ ಮಾಡಿದೆ. ಸ್ವಿಚ್ ಹಾಕಿದಾಗ ಮುಳ್ಳು ಬಲಕ್ಕೆ, ತೆಗೆದಾಗ ಎಡಕ್ಕೆ. ಈ ಸಲ ಕಣ್ಣಾರೆ ಕಂಡು ಬರೆದುಕೊಂಡೆ.