ಬರಿಗಾಲಿನ ಯಾತ್ರಿಕ ಸಂತ ಜೋಸೆಫ್ ವಾಜ್

ಶೃಂಗೇರಿಯಿಂದ ಕೆರೆಕಟ್ಟೆಯ ಮಾರ್ಗವಾಗಿ ಕಾರ್ಕಳದತ್ತ ಇಳಿಯುವ ಘಟ್ಟದ ದಾರಿಯನ್ನು ಬಲ್ಲದವರು ನಮ್ಮಲ್ಲಿ ಯಾರೂ ಇರಲಾರರು. ಅತ್ತೂರಿನ ಸಂತ ಲಾರೆನ್ಸರ ಜಾತ್ರೆಗೆ ಇಳಿದುಹೋಗುವ ದಾರಿ ಅದು. ನಮ್ಮಲ್ಲಿ ಅನೇಕರ ಪೂರ್ವಜರು ಕರಾವಳಿಯಿಂದ ಘಟ್ಟವನ್ನೇರಿ ಈ ಮಲೆನಾಡಿಗೆ ಬಂದವರು. ತೋಟಗಳ ಕೆಲಸವನ್ನು ಅರಸಿ ಬಂದ ಆ ಬಡಜನರು ಬಟ್ಟೆಬರೆಯ ಗಂಟಿನೊಡನೆ ಜಪಸರವನ್ನೂ ತಂದರು. ಗುರುಗಳ ದರ್ಶನ ಅಪರೂಪವಾಗಿದ್ದ ಆ ದಿನಗಳಲ್ಲಿ, ಸುರಿಯುವ ಮಳೆಯ ನಡುವೆ, ಸೋಗೆಯ ಮಾಡಿನ ಕೆಳಗೆ ದೀಪ ಹಚ್ಚಿ ಮನೆಮಂದಿಯೆಲ್ಲ ಮೊಣಕಾಲೂರಿ ಜಪಸರವನ್ನು ಹೇಳಿದರು. ಅವರ ಆ ಪ್ರಾರ್ಥನೆಯ ಮೇಲೆಯೇ ನಮ್ಮ ದೇವಾಲಯಗಳ ಅಸ್ತಿಭಾರ ನಿಂತಿದೆ.

ಗುರುಗಳಿಲ್ಲದ ನಾಡಿನಲ್ಲಿ ವಿಶ್ವಾಸವು ಹೇಗೆ ಉಳಿಯುತ್ತದೆ? ಶತಮಾನೋತ್ಸವದ ಈ ಸಂದರ್ಭದಲ್ಲಿ ಈ ಪ್ರಶ್ನೆಯನ್ನು ನಾವು ಕೇಳಿಕೊಳ್ಳಬೇಕು. ಇದಕ್ಕೆ ತನ್ನ ಜೀವನದಿಂದಲೇ ಉತ್ತರವನ್ನಿತ್ತ ಮಹಾತ್ಮರೊಬ್ಬರು ಮುನ್ನೂರು ವರ್ಷಗಳಿಗೂ ಹಿಂದೆ ನಮ್ಮ ಘಟ್ಟದ ಬುಡದ ಕರಾವಳಿಯಲ್ಲಿ ಬರಿಗಾಲಿನಲ್ಲಿ ನಡೆದಾಡಿದರು. ಅವರೇ ಸಂತ ಜೋಸೆಫ್ ವಾಜ್.

ಬಾಲ್ಯ ಮತ್ತು ಗುರುದೀಕ್ಷೆ

ಜೋಸೆಫ್ ವಾಜರು 1651ನೆಯ ಇಸವಿ ಏಪ್ರಿಲ್ 21ರಂದು ಗೋವೆಯ ಸಾಲ್ಸೆಟ್ ಪ್ರಾಂತದ ಬೆನಾವ್ಲಿಯಲ್ಲಿ, ತಾಯಿಯ ತವರಿನಲ್ಲಿ ಜನಿಸಿದರು. ತಂದೆ ಕ್ರಿಸ್ತೊವಾಂವ್ ವಾಜ್, ತಾಯಿ ಮರಿಯ ಮಿರಾಂದ. ಆರು ಮಂದಿ ಮಕ್ಕಳಲ್ಲಿ ಇವರು ಮೂರನೆಯವರು. ತಂದೆಯ ಊರಾದ ಸಾಂಕ್ವಾಳದಲ್ಲಿ ಪೋರ್ತುಗೀಸ್ ಭಾಷೆಯನ್ನೂ ಬೆನಾವ್ಲಿಯಲ್ಲಿ ಲತೀನ್ ಭಾಷೆಯನ್ನೂ ಕಲಿತು, ಮುಂದೆ ಗೋವೆಯ ನಗರದಲ್ಲಿ ಯೇಸುಸಭೆಯವರ ಸಂತ ಪೌಲರ ವಿದ್ಯಾಲಯದಲ್ಲಿಯೂ ದೊಮಿನಿಕ್ ಸಭೆಯವರ ಬಳಿಯಲ್ಲಿಯೂ ವಿದ್ಯಾಭ್ಯಾಸ ಮಾಡಿದರು. 1676ರಲ್ಲಿ ಗುರುದೀಕ್ಷೆಯನ್ನು ಪಡೆದರು.

ದೀಕ್ಷೆಯಾದಂದಿನಿಂದ ಅವರು ಪಾದರಕ್ಷೆಯನ್ನು ತ್ಯಜಿಸಿದರು. ಅನುಕೂಲವಂತ ಕುಟುಂಬದ ವಿದ್ಯಾವಂತ ಗುರುವೊಬ್ಬರು ಬಡವರಂತೆ ಬರಿಗಾಲಿನಲ್ಲಿ ನಡೆಯುವುದು ಅಂದಿನ ಗೋವೆಯಲ್ಲಿ ವಿಚಿತ್ರವಾಗಿ ಕಂಡಿರಬೇಕು. ಮಳೆಗಾಲದ ಮಲೆನಾಡಿನಲ್ಲಿ ಉಂಬಳಗಳ ನಡುವೆ ಬರಿಗಾಲಿನಲ್ಲಿ ತೋಟಕ್ಕೆ ಹೋದವರ ಮಕ್ಕಳಾದ ನಮಗೆ ಮಾತ್ರ ಆ ತ್ಯಾಗದ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

1677ರ ಆಗಸ್ಟ್ 5ರಂದು ಸಾಂಕ್ವಾಳದ ದೇವಾಲಯದಲ್ಲಿ ಅವರು ತಮ್ಮನ್ನು ದೇವಮಾತೆಯ ದಾಸನೆಂದು ಪತ್ರ ಬರೆದು ಒಪ್ಪಿಸಿಕೊಂಡರು. ದಾಸನೆಂದು ಹೇಳಿಕೊಳ್ಳುವುದರಲ್ಲಿ ಹಿರಿಮೆಯನ್ನು ಕಂಡ ಭಕ್ತರ ಪರಂಪರೆ ಕನ್ನಡನಾಡಿಗೆ ಹೊಸದಲ್ಲ. ವಾಜ್ ಗುರುಗಳ ದಾಸ್ಯವು ಮುಂದೆ ಕಾಡು, ಸೆರೆಮನೆ, ರೋಗಿಗಳ ಗುಡಿಸಲುಗಳಲ್ಲಿ ಅವರ ಬೆನ್ನಿಗೆ ನಿಂತ ಬಲವಾಯಿತು.

ಬಯಸಿದ್ದು ಒಂದು, ದೊರೆತದ್ದು ಇನ್ನೊಂದು

ಅದೇ ಕಾಲದಲ್ಲಿ ಸಿಂಹಳದಿಂದ ದುಃಖದ ವಾರ್ತೆಗಳು ಗೋವೆಯನ್ನು ತಲುಪುತ್ತಿದ್ದವು. 1658ರಲ್ಲಿ ಡಚ್ಚರು ಪೋರ್ತುಗೀಸರ ಕೊನೆಯ ನೆಲೆಯನ್ನು ಅಲ್ಲಿ ವಶಪಡಿಸಿಕೊಂಡ ಮೇಲೆ ಕಥೋಲಿಕ ಗುರುಗಳನ್ನು ಹೊರಗಟ್ಟಿದ್ದರು. ದೇವಾಲಯಗಳು ಕೈತಪ್ಪಿದ್ದವು, ಬಲಿಪೂಜೆ ನಿಷಿದ್ಧವಾಗಿತ್ತು. ಅಲ್ಲಿಗೆ ಹೋಗಬೇಕೆಂಬ ಆಸೆ ತರುಣ ಗುರುವಿನ ಹೃದಯದಲ್ಲಿ ಉರಿಯತೊಡಗಿತು. ಆದರೆ ಹಿರಿಯರು ಅವರಿಗೆ ಬೇರೊಂದು ಆಜ್ಞೆಯನ್ನಿತ್ತರು. 1681ರಲ್ಲಿ ಅವರನ್ನು ಕೆನರಾಕ್ಕೆ, ಎಂದರೆ ನಮ್ಮ ಕರಾವಳಿಗೆ, ಕಳುಹಿಸಿದರು. ವಾಜ್ ಗುರುಗಳು ಮರುಮಾತಿಲ್ಲದೆ ಹೊರಟರು.

ಆಗ ಕೆನರಾ ಪ್ರಾಂತವು ಕೆಳದಿಯ ಅರಸೊತ್ತಿಗೆಗೆ ಸೇರಿತ್ತು. ರಾಣಿ ಚೆನ್ನಮ್ಮಾಜಿಯ ಆಳ್ವಿಕೆ ನಡೆದಿತ್ತು. ಅಲ್ಲಿನ ಕಥೋಲಿಕರನ್ನು ಬಾಧಿಸುತ್ತಿದ್ದ ಕಷ್ಟವು ಅರಸರಿಂದ ಬಂದುದಾಗಿರಲಿಲ್ಲ, ಧರ್ಮಸಭೆಯ ಒಳಗಿನಿಂದಲೇ ಹುಟ್ಟಿದ್ದಾಗಿತ್ತು. ಪೂರ್ವದೇಶಗಳ ಧರ್ಮಸಭೆಯ ಪಾಲನೆ ತಮ್ಮ ಹಕ್ಕೆಂದು ಪೋರ್ತುಗಲ್ಲಿನ ಅರಸರೂ ಅವರ ಪರವಾಗಿ ಗೋವೆಯವರೂ ವಾದಿಸುತ್ತಿದ್ದರು. ರೋಮಿನಲ್ಲಿ 1622ರಲ್ಲಿ ಸ್ಥಾಪಿತವಾದ ಧರ್ಮಪ್ರಸಾರ ಸಂಸ್ಥೆಯು ತನ್ನ ಕಡೆಯಿಂದ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಅವರನ್ನು ನೇಮಿಸಿತ್ತು. ಇವರು ಕೊಟ್ಟ ಸಂಸ್ಕಾರ ಸಲ್ಲದೆಂದು ಅವರು, ಅವರು ಕೊಟ್ಟದ್ದು ಸಲ್ಲದೆಂದು ಇವರು. ನಡುವೆ ನರಳಿದವರು ಸಾಮಾನ್ಯ ಭಕ್ತರು. ಯಾರ ಬಳಿ ಪಾಪನಿವೇದನೆ ಮಾಡಬೇಕು, ಮಕ್ಕಳ ಮದುವೆಯನ್ನು ಯಾರಿಂದ ಮಾಡಿಸಬೇಕು ಎಂಬುದೇ ತಿಳಿಯದ ಸ್ಥಿತಿ ಅವರದಾಗಿತ್ತು.

ಗೋವೆಯವರ ಪ್ರತಿನಿಧಿಯಾಗಿ ಬಂದ ವಾಜ್ ಗುರುಗಳು ತಮ್ಮ ಪಕ್ಷವನ್ನು ಗೆಲ್ಲಿಸಲು ಹೊರಡಲಿಲ್ಲ. ಎದುರು ಪಕ್ಷದ ಧರ್ಮಾಧ್ಯಕ್ಷರನ್ನು ಗೌರವದಿಂದ ಕಂಡು ಮಾತುಕತೆ ನಡೆಸಿದರು. ಹಿರಿಯರ ಜಗಳದಲ್ಲಿ ಬಡಭಕ್ತರು ಸಂಸ್ಕಾರಗಳಿಂದ ವಂಚಿತರಾಗಬಾರದೆಂಬುದೊಂದೇ ಅವರ ಚಿಂತೆಯಾಗಿತ್ತು. ಗಂಗೊಳ್ಳಿ, ಬಸ್ರೂರು, ಕಲ್ಯಾಣಪುರ, ಮಂಗಳೂರುಗಳ ಕಡೆಗಳಲ್ಲಿ ಸಂಚರಿಸಿ ಅವರು ಬಲಿಪೂಜೆಯನ್ನರ್ಪಿಸಿದರು, ಶಾಲೆಗಳನ್ನು ತೆರೆದರು, ಭಕ್ತಸಂಘಗಳನ್ನು ಕಟ್ಟಿದರು. ಮಂಗಳೂರಿನ ಸಮೀಪದ ಮುಡಿಪು ಗುಡ್ಡದಲ್ಲಿ ಅವರು ದಂಡದಿಂದ ನೆಲವನ್ನು ತಟ್ಟಿದಾಗ ನೀರು ಚಿಮ್ಮಿತೆಂಬ ಪ್ರತೀತಿ ಇಂದಿಗೂ ಜೀವಂತವಾಗಿದೆ; ಅಲ್ಲಿ ಅವರ ಪುಣ್ಯಕ್ಷೇತ್ರವಿದೆ.

1684ರಲ್ಲಿ ಅವರು ಗೋವೆಗೆ ಮರಳಿದರು. ಆ ವಿವಾದವು ತೀರಲಿಲ್ಲ. ಅವರ ಕಾಲಾನಂತರವೂ ಬಹುಕಾಲ ಮುಂದುವರಿಯಿತು. ಲೋಕದ ಲೆಕ್ಕದಲ್ಲಿ ಕೆನರಾದ ಮೂರು ವರ್ಷಗಳು ಸೋಲೆಂದೇ ತೋರಬಹುದು. ಆದರೆ ಬಯಸದೆ ಬಂದ ಹೊಣೆಯನ್ನು ಪ್ರೀತಿಯಿಂದ ಹೊತ್ತವನಿಗೆ ಯಾವ ವರ್ಷವೂ ವ್ಯರ್ಥವಾಗುವುದಿಲ್ಲ. ಚದುರಿದ ಭಕ್ತರನ್ನು ಹುಡುಕಿ ಒಂದುಗೂಡಿಸುವ ವಿದ್ಯೆಯನ್ನು ಅವರು ಕಲಿತದ್ದು ನಮ್ಮ ಈ ಕರಾವಳಿಯಲ್ಲಿಯೇ.

ಕೊರಳಲ್ಲಿ ಜಪಸರ, ಕೈಯಲ್ಲಿ ಭಿಕ್ಷಾಪಾತ್ರೆ

ಅಂದಿನ ಯೂರೋಪಿಯನ್ ಸನ್ಯಾಸಿ ಸಭೆಗಳು ಸಾಮಾನ್ಯವಾಗಿ ಭಾರತೀಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಆದ್ದರಿಂದ ಕೆಲವು ಗೋವೆಯ ಗುರುಗಳು ತಾವೇ ಒಟ್ಟುಗೂಡಿ ಪವಿತ್ರ ಶಿಲುಬೆಯ ಗುಡ್ಡದ ಮೇಲೆ ಒಂದು ಆಶ್ರಮ ಜೀವನವನ್ನು ಆರಂಭಿಸಿದ್ದರು. 1685ರಲ್ಲಿ ಅವರೊಡನೆ ಸೇರಿದ ವಾಜ್ ಗುರುಗಳು ಅವರ ಮುಖ್ಯಸ್ಥರಾಗಿ ಆರಿಸಲ್ಪಟ್ಟು, ಸಂತ ಫಿಲಿಪ್ ನೇರಿಯವರ ಒರೆಟರಿ ಸಭೆಯ ನಿಯಮದಂತೆ ಆ ಸಮೂಹವನ್ನು ರೂಪಿಸಿದರು. ಬಾಗಿಲು ಮುಚ್ಚಿದವರನ್ನು ಹಳಿಯುತ್ತ ಕೂರದೆ, ಹೊಸದೊಂದು ಮನೆಯನ್ನು ಅವರು ಕಟ್ಟಿದರು. ಸಿಂಹಳಕ್ಕೆ ಮುಂದೆ ಗುರುಗಳು ಬಂದದ್ದು ಆ ಮನೆಯಿಂದಲೇ.

1686ರಲ್ಲಿ ಕೊನೆಗೂ ಅವರ ಹಳೆಯ ಬಯಕೆಗೆ ದಾರಿ ತೆರೆಯಿತು. ಜಾನ್ ಎಂಬ ನಂಬಿಗಸ್ತ ಸೇವಕನೊಡನೆ ಅವರು ದಕ್ಷಿಣಕ್ಕೆ ಹೊರಟರು. ತೂತ್ತುಕುಡಿಯನ್ನು ತಲುಪಿ, ಗುರುವಸ್ತ್ರವನ್ನು ಕಳಚಿಟ್ಟು, ಭಿಕ್ಷುಕನ ವೇಷದಲ್ಲಿ ಹಡಗನ್ನೇರಿ, 1687ರಲ್ಲಿ ಯಾಳ್ಪಾಣವನ್ನು ಸೇರಿದರು. ಇಳಿದ ಕೂಡಲೇ ಅತಿಸಾರದಿಂದ ಮರಣದ ಬಾಗಿಲಿನವರೆಗೂ ಹೋದರು. ಅಪರಿಚಿತ ದಯಾಳುಗಳು ಕೊಟ್ಟ ಗಂಜಿ ಅವರ ಪ್ರಾಣವನ್ನುಳಿಸಿತು.

ಚೇತರಿಸಿಕೊಂಡ ಬಳಿಕ ಅವರ ಮುಂದೆ ಇನ್ನೊಂದು ಕಷ್ಟವಿತ್ತು. ಡಚ್ಚರ ಭಯದಿಂದ ಕಥೋಲಿಕರು ತಮ್ಮ ಗುರುತನ್ನು ಮರೆಮಾಚಿದ್ದರು. ಅವರನ್ನು ಕಂಡುಹಿಡಿಯುವುದು ಹೇಗೆ? ವಾಜ್ ಗುರುಗಳು ಕೊರಳಿಗೆ ಜಪಸರವನ್ನು ಧರಿಸಿ ಮನೆಮನೆಗೆ ಭಿಕ್ಷೆಗೆ ಹೋದರು. ಜಪಸರವನ್ನು ಕಂಡು ಯಾರ ಕಣ್ಣು ಅರಳುತ್ತದೆಯೋ ಅವರು ತಮ್ಮವರೆಂದು ಅರಿತರು. ಮೂವತ್ತು ವರ್ಷಗಳಷ್ಟು ಕಾಲ ಗುರುಗಳ ಮುಖವನ್ನೇ ಕಾಣದಿದ್ದ ಆ ಜನರು ಮನೆಯೊಳಗಿನ ಪ್ರಾರ್ಥನೆಯೊಂದರಿಂದಲೇ ವಿಶ್ವಾಸವನ್ನು ಕಾಪಾಡಿಕೊಂಡಿದ್ದರು. ಸಿಲ್ಲಾಲೈ ಎಂಬ ಹಳ್ಳಿಯನ್ನು ನೆಲೆಯಾಗಿಸಿಕೊಂಡು ಅವರು ರಾತ್ರಿಯ ವೇಳೆ ಬಲಿಪೂಜೆಯನ್ನರ್ಪಿಸಿ, ಬೆಳಗಾಗುವುದರೊಳಗೆ ಮರೆಯಾಗುತ್ತಿದ್ದರು. 1689ರ ಕ್ರಿಸ್ತಜಯಂತಿಯ ರಾತ್ರಿ ಡಚ್ ಸೈನಿಕರು ಪೂಜೆಗೆ ಸೇರಿದ್ದ ಭಕ್ತರನ್ನು ಹಿಡಿದು ಹಿಂಸಿಸಿದರು. ಗುರುಗಳು ಮಾತ್ರ ಅವರ ಕೈಗೆ ಸಿಕ್ಕಲಿಲ್ಲ.

ಸೆರೆಮನೆಯೇ ದೇವಾಲಯವಾದದ್ದು

ಡಚ್ಚರ ಸೀಮೆಯಲ್ಲಿ ಇರುವುದು ಕಷ್ಟವಾದಾಗ ಅವರು 1690ರಲ್ಲಿ ಪುತ್ತಲಮ್ಮಿಗೆ, ಅಲ್ಲಿಂದ 1692ರಲ್ಲಿ ಬೌದ್ಧ ಅರಸನ ರಾಜಧಾನಿಯಾದ ಕ್ಯಾಂಡಿಗೆ ಹೋದರು. ಪೋರ್ತುಗೀಸರ ಗೂಢಚಾರನೆಂಬ ದೂರಿನ ಮೇಲೆ ಅಲ್ಲಿ ಅವರನ್ನು ಬಂಧಿಸಲಾಯಿತು. ಸೆರೆಯಲ್ಲಿದ್ದಷ್ಟು ಕಾಲ ಅವರು ಸಿಂಹಳ ಭಾಷೆಯನ್ನು ಕಲಿತರು. ಕಾವಲು ಸಡಿಲವಾದಂತೆ ಒಂದು ಗುಡಿಸಲನ್ನು ಕಟ್ಟಿ ಅದನ್ನೇ ದೇವಾಲಯವನ್ನಾಗಿ ಮಾಡಿಕೊಂಡರು. ಕ್ರಮೇಣ ಇವರು ಗೂಢಚಾರರಲ್ಲ, ದೇವರ ಮನುಷ್ಯರೆಂಬುದು ಅರಸನಾದ ಎರಡನೆಯ ವಿಮಲಧರ್ಮಸೂರ್ಯನಿಗೆ ಮನವರಿಕೆಯಾಯಿತು.

ಭೀಕರ ಬರಗಾಲವೊಂದರಲ್ಲಿ ಅರಸನ ಕೋರಿಕೆಯಂತೆ ವಾಜ್ ಗುರುಗಳು ಬಯಲಿನಲ್ಲಿ ಶಿಲುಬೆಯನ್ನಿಟ್ಟು ಪ್ರಾರ್ಥಿಸಿದಾಗ ಧಾರಾಕಾರ ಮಳೆ ಸುರಿಯಿತೆಂದೂ ಅವರು ಮೊಣಕಾಲೂರಿದ್ದ ಸ್ಥಳ ಮಾತ್ರ ನೆನೆಯಲಿಲ್ಲವೆಂದೂ ಅವರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಅಂದಿನಿಂದ ಅವರಿಗೆ ರಾಜ್ಯದಲ್ಲೆಲ್ಲ ಸಂಚರಿಸುವ ಸ್ವಾತಂತ್ರ್ಯ ದೊರೆಯಿತು.

ಆದರೆ ಜನರ ಹೃದಯವನ್ನು ಅವರು ಗೆದ್ದದ್ದು 1697ರಲ್ಲಿ. ಆ ವರ್ಷ ಕ್ಯಾಂಡಿಯಲ್ಲಿ ಸಿಡುಬು ಹರಡಿತು. ಅರಸನೂ ಶ್ರೀಮಂತರೂ ನಗರವನ್ನು ಬಿಟ್ಟು ಹೋದರು. ಹೆತ್ತವರು ಮಕ್ಕಳನ್ನು, ಮಕ್ಕಳು ಹೆತ್ತವರನ್ನು ಕಾಡಿನಲ್ಲಿ ಬಿಟ್ಟು ಓಡಿದರು. ಗೋವೆಯಿಂದ ಬಂದು ಸೇರಿದ್ದ ತಮ್ಮ ಸಹೋದರಿಯ ಮಗ ಜೋಸೆಫ್ ಕರ್ವಾಲೊ ಗುರುಗಳೊಡನೆ ವಾಜ್ ಗುರುಗಳು ಆ ರೋಗಿಗಳ ಬಳಿಗೆ ಹೋದರು. ಅವರಿಗೆ ನೆರಳನ್ನು ಕಟ್ಟಿದರು, ಗಂಜಿ ಕುಡಿಸಿದರು, ಹುಣ್ಣುಗಳನ್ನು ತೊಳೆದರು, ಸತ್ತವರನ್ನು ಮಣ್ಣು ಮಾಡಿದರು. ಕ್ರೈಸ್ತನೇ ಬೌದ್ಧನೇ ಎಂದು ಯಾರನ್ನೂ ಕೇಳಲಿಲ್ಲ. ಯಾಳ್ಪಾಣದಲ್ಲಿ ಅಪರಿಚಿತರು ಕುಡಿಸಿದ ಗಂಜಿಯ ಋಣವನ್ನು ಹತ್ತು ವರ್ಷಗಳ ಬಳಿಕ ಕ್ಯಾಂಡಿಯ ಅಪರಿಚಿತರಿಗೆ ಅವರು ತೀರಿಸಿದರೆಂದು ನನಗೆ ತೋರುತ್ತದೆ.

ಕೊನೆಯ ದಿನಗಳು

ಅವರು ಒಂದೇ ಕಡೆ ನೆಲೆನಿಲ್ಲಲಿಲ್ಲ. ದ್ವೀಪದ ಉದ್ದಗಲಕ್ಕೂ, ವೇಷ ಮರೆಸಿಕೊಂಡು ಡಚ್ಚರ ಕೊಲಂಬೊ ನಗರದೊಳಕ್ಕೂ ಹೋಗಿಬಂದರು. ಗುರುಗಳು ವರ್ಷಕ್ಕೊಮ್ಮೆ ಬರುವುದೂ ದುರ್ಲಭವಾದ ಊರುಗಳಲ್ಲಿ ಪ್ರಾರ್ಥನೆಯನ್ನು ನಡೆಸಲು, ಮಕ್ಕಳಿಗೆ ಜ್ಞಾನೋಪದೇಶವನ್ನು ಕಲಿಸಲು, ಮರಣಾವಸ್ಥೆಯಲ್ಲಿರುವವರ ಬಳಿ ಕುಳಿತು ಪ್ರಾರ್ಥಿಸಲು ಶ್ರೀಸಾಮಾನ್ಯರಲ್ಲಿ ಯೋಗ್ಯರಾದವರನ್ನು ನೇಮಿಸಿದರು. ನಮ್ಮ ವಾಡೆಗಳ ಗುರ್ಕಾರರು ಈ ಮಾತನ್ನು ಗಮನಿಸಬೇಕು. ಅವರ ಹೊಣೆ ಎಷ್ಟು ಪವಿತ್ರವಾದುದೆಂಬುದು ಇದರಿಂದ ತಿಳಿಯುತ್ತದೆ.

ಸಿಂಹಳದ ಧರ್ಮಾಧ್ಯಕ್ಷ ಪದವಿಯ ಪ್ರಸ್ತಾಪ ಬಂದಾಗ ಅವರು ಅದನ್ನು ಒಲ್ಲೆನೆಂದರು. 1705ರಲ್ಲಿ ಜಾಕೊಮ್ ಗೊನ್ಸಾಲ್ವಿಸ್ ಎಂಬ ಗುರುಗಳು ಗೋವೆಯಿಂದ ಬಂದರು. ಅವರು ಸಿಂಹಳ ಮತ್ತು ತಮಿಳು ಭಾಷೆಗಳಲ್ಲಿ ಧಾರ್ಮಿಕ ಗ್ರಂಥಗಳನ್ನು ರಚಿಸಿ ಪ್ರಸಿದ್ಧರಾದರು. ತಾವು ಆರಂಭಿಸಿದ್ದು ತಮ್ಮೊಡನೆ ಮುಗಿಯಬಾರದೆಂದು ವಾಜ್ ಗುರುಗಳು ಕಾಣುತ್ತಿದ್ದ ಕನಸು ಹೀಗೆ ಕೈಗೂಡಿತು.

1711ರ ಜನವರಿ 16ರಂದು, ತಮ್ಮ ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ಅವರು ಕ್ಯಾಂಡಿಯಲ್ಲಿ ದೈವಾಧೀನರಾದರು. ಬದುಕಿದ್ದಾಗ ಉಪೇಕ್ಷಿಸಿದ್ದನ್ನು ಸಾಯುವ ಕಾಲಕ್ಕೆ ಮಾಡಿ ಮುಗಿಸುವುದು ಸುಲಭವಲ್ಲವೆಂಬ ಎಚ್ಚರಿಕೆಯನ್ನು ಅವರು ಕೊನೆಯ ಗಳಿಗೆಯಲ್ಲಿ ಸುತ್ತಲಿದ್ದವರಿಗೆ ನೀಡಿದರು. ಇಪ್ಪತ್ತನಾಲ್ಕು ವರ್ಷಗಳಲ್ಲಿ ಒಮ್ಮೆಯೂ ಅವರು ಹುಟ್ಟೂರಿಗೆ ಮರಳಿರಲಿಲ್ಲ. ಅವರ ಸಮಾಧಿಯ ನೆಲೆಯೂ ಕಾಲಾನಂತರದಲ್ಲಿ ಮರೆತುಹೋಯಿತು. ಆದರೆ ಜನರು ಅವರನ್ನು ಮರೆಯಲಿಲ್ಲ. 1995ರ ಜನವರಿ 21ರಂದು ಪೋಪ್ ಎರಡನೆಯ ಜಾನ್ ಪೌಲರು ಕೊಲಂಬೊದಲ್ಲಿ ಅವರನ್ನು ಧನ್ಯರೆಂದು ಸಾರಿದರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸರು ಅದೇ ನಗರದಲ್ಲಿ ಅವರನ್ನು ಸಂತಪದವಿಗೆ ಏರಿಸಿದರು.

ನಮಗೆ ಉಳಿದ ಪಾಠ

ಪ್ರಿಯ ಭಕ್ತ ಬಾಂಧವರೇ, ಮಹಾತ್ಮರ ಚರಿತ್ರೆಯನ್ನು ಓದಿ ಕೈಮುಗಿದು ಪುಸ್ತಕವನ್ನು ಮುಚ್ಚಿಬಿಡುವುದು ಸುಲಭ. ಆದರೆ ಈ ಸಂತರ ಬದುಕು ನಮ್ಮನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಅವರು ಬಯಸಿದ ಹೊಲಕ್ಕಾಗಿ ಐದು ವರ್ಷ ಕಾದರು. ಕಾಯುವಾಗ ದೊರೆತ ಹೊಲವನ್ನು ಪಾಳು ಬಿಡಲಿಲ್ಲ. ಜಗಳದಲ್ಲಿ ಪಕ್ಷ ಹಿಡಿಯುವ ಮೊದಲು ಆ ಜಗಳದಿಂದ ನರಳುವವರು ಯಾರೆಂದು ನೋಡಿದರು. ಪರರ ನಾಡಿಗೆ ಹೋದಾಗ ಅವರ ಭಾಷೆಯನ್ನು ಕಲಿತರು. ಪರಧರ್ಮದವನ ಹುಣ್ಣನ್ನು ತಮ್ಮದೆಂಬಂತೆ ತೊಳೆದರು. ಹಲವು ಮತಗಳ ಜನರು ಒಂದೇ ಹಳ್ಳದ ನೀರನ್ನು ಕುಡಿದು ಬಾಳುವ ನಮ್ಮ ಮಲೆನಾಡಿಗೆ ಇದಕ್ಕಿಂತ ಹತ್ತಿರವಾದ ಪಾಠವಾವುದಿದೆ?

ಇಂದು ನಮಗೆ ದೇವಾಲಯವಿದೆ, ಗುರುಗಳಿದ್ದಾರೆ, ಗಂಟೆಯ ಸದ್ದು ಕೇಳಿಸುತ್ತದೆ. ಆದರೆ ಸಂಜೆಯ ಜಪಸರ ಎಷ್ಟು ಮನೆಗಳಲ್ಲಿ ಉಳಿದಿದೆ? ಮಕ್ಕಳು ಓದಿಗಾಗಿ, ಉದ್ಯೋಗಕ್ಕಾಗಿ ದೂರದ ನಗರಗಳಿಗೆ ಹೋಗುತ್ತಿದ್ದಾರೆ. ನಮ್ಮ ಹಿರಿಯರು ಘಟ್ಟವನ್ನೇರುವಾಗ ಗಂಟಿನಲ್ಲಿ ಕಟ್ಟಿಕೊಂಡು ತಂದುದನ್ನು, ಘಟ್ಟವನ್ನಿಳಿದು ಹೋಗುವ ನಮ್ಮ ಮಕ್ಕಳ ಪೆಟ್ಟಿಗೆಯಲ್ಲಿ ನಾವು ಇಟ್ಟು ಕಳುಹಿಸುತ್ತಿದ್ದೇವೆಯೇ? ಭಿಕ್ಷುಕನ ವೇಷದ ಆ ಗುರುಗಳು ಇಂದು ಕೊರಳಲ್ಲಿ ಜಪಸರವನ್ನು ಧರಿಸಿ ನಮ್ಮ ಬಾಗಿಲಿಗೆ ಬಂದರೆ, ಅದನ್ನು ಕಂಡು ನಮ್ಮ ಕಣ್ಣುಗಳು ಅರಳಬೇಕು. ಶತಮಾನೋತ್ಸವದ ಈ ವರ್ಷದಲ್ಲಿ ಸಂತ ಜೋಸೆಫ್ ವಾಜರ ಪ್ರಾರ್ಥನೆಯಿಂದ ಆ ಒಂದು ವರವು ಪ್ರತಿಯೊಂದು ಮನೆಗೂ ದೊರೆಯಲಿ.