ಅಲನ್ ಬ್ಲೂಮ್‌ಲೈನ್

ಅಲನ್ ಡೋವರ್ ಬ್ಲೂಮ್‌ಲೈನ್ (29 ಜೂನ್ 1903 – 7 ಜೂನ್ 1942) ಇಂಗ್ಲೆಂಡಿನ ಎಲೆಕ್ಟ್ರಾನಿಕ್ಸ್ ಎಂಜಿನಿಯರ್ ಹಾಗೂ ಸಂಶೋಧಕರು. ದೂರವಾಣಿ, ಧ್ವನಿಮುದ್ರಣ, ದೂರದರ್ಶನ ಮತ್ತು ರೇಡಾರ್ ಈ ನಾಲ್ಕು ಕ್ಷೇತ್ರಗಳಲ್ಲಿ ಕೆಲಸ ಮಾಡಿದ ಇವರು ಸುಮಾರು 15 ವರ್ಷಗಳ ವೃತ್ತಿಜೀವನದಲ್ಲಿ 128 ಪೇಟೆಂಟ್‌ಗಳನ್ನು ಪಡೆದರು. ಗ್ರಾಮಫೋನ್ ತಟ್ಟೆಯ ಒಂದೇ ಗೀರಿನಲ್ಲಿ ಎಡ ಮತ್ತು ಬಲ ಧ್ವನಿಗಳೆರಡನ್ನೂ ಅಡಗಿಸುವ ವಿಧಾನವನ್ನು 1931ರಲ್ಲಿಯೇ ವಿವರಿಸಿದ್ದು ಇವರ ಅತ್ಯಂತ ಪ್ರಸಿದ್ಧ ಕೊಡುಗೆ. ಇಂದು ಮನೆಗಳಲ್ಲಿ ಬಳಸುವ ದುಬಾರಿ ಬೆಲೆಯ ಕಾರ್ಟ್ರಿಜ್‌ಗಳ ಸೂಜಿಯೂ ಇದೇ ರಚನೆಯ ಗೀರನ್ನೇ ಓದುತ್ತದೆ.

ಜನನ ಮತ್ತು ಶಿಕ್ಷಣ

ಬ್ಲೂಮ್‌ಲೈನ್ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಜನಿಸಿದರು. ತಂದೆ ಸೆಮ್ಮಿ ಬ್ಲೂಮ್‌ಲೈನ್ ಜರ್ಮನಿಯಲ್ಲಿ ಹುಟ್ಟಿ ಬ್ರಿಟಿಷ್ ಪೌರತ್ವ ಪಡೆದವರು. ತಾಯಿ ಜೆಸ್ಸಿ ಡೋವರ್ ದಕ್ಷಿಣ ಆಫ್ರಿಕದಲ್ಲಿ ನೆಲೆಸಿದ್ದ ಸ್ಕಾಟ್ಲೆಂಡ್ ಮೂಲದ ಮಿಷನರಿಯೊಬ್ಬರ ಮಗಳು. ಅಲನ್ ಏಳನೆಯ ವಯಸ್ಸಿನಲ್ಲಿ ಮನೆಯ ಕರೆಗಂಟೆಯನ್ನು ದುರಸ್ತಿ ಮಾಡಿ, ತಮ್ಮ ಹೆಸರಿನ ಮುಂದೆ ವಿದ್ಯುತ್ ಎಂಜಿನಿಯರ್ ಎಂದು ಬರೆದು ತಂದೆಗೆ ಬಿಲ್ಲು ಕೊಟ್ಟರೆಂಬ ಕಥೆ ಅವರ ಜೀವನಚರಿತ್ರೆಗಳಲ್ಲಿ ಪ್ರಚಲಿತವಾಗಿದೆ. ಓದುವುದು ಮಾತ್ರ ಅವರಿಗೆ ತಡವಾಗಿ ಒಲಿಯಿತು. ಹನ್ನೆರಡು ವರ್ಷ ದಾಟುವವರೆಗೂ ಸರಾಗವಾಗಿ ಓದಲಾಗುತ್ತಿರಲಿಲ್ಲ ಎನ್ನಲಾಗಿದೆ. ಹೈಗೇಟ್ ಶಾಲೆಯ ಶಿಕ್ಷಣದ ನಂತರ ವಿದ್ಯಾರ್ಥಿವೇತನ ಪಡೆದು ಸಿಟಿ ಅಂಡ್ ಗಿಲ್ಡ್ಸ್ ಕಾಲೇಜನ್ನು ಸೇರಿದರು. 1923ರಲ್ಲಿ ಪ್ರಥಮ ದರ್ಜೆಯಲ್ಲಿ ಪದವಿ ಪಡೆದರು.

ದೂರವಾಣಿ ಸಂಶೋಧನೆ

1924ರಲ್ಲಿ ಇಂಟರ್‌ನ್ಯಾಷನಲ್ ವೆಸ್ಟರ್ನ್ ಎಲೆಕ್ಟ್ರಿಕ್ ಸಂಸ್ಥೆಯನ್ನು ಸೇರಿದರು. ಈ ಸಂಸ್ಥೆ ಮುಂದೆ ಸ್ಟ್ಯಾಂಡರ್ಡ್ ಟೆಲಿಫೋನ್ಸ್ ಅಂಡ್ ಕೇಬಲ್ಸ್ ಎಂದು ಹೆಸರಾಯಿತು. ದೂರದ ಊರುಗಳ ನಡುವೆ ಎಳೆದ ತಂತಿಗಳಲ್ಲಿ ಒಂದು ಜೋಡಿಯ ಮಾತು ಪಕ್ಕದ ಜೋಡಿಗೆ ಸೋರಿ ಕೇಳಿಸುವುದು ಆ ಕಾಲದ ದೊಡ್ಡ ತೊಡಕಾಗಿತ್ತು. ಇದನ್ನು ತಗ್ಗಿಸುವ ಸುರುಳಿಗಳ ಹಾಗೂ ಅಳತೆಯ ಸಾಧನಗಳ ವಿನ್ಯಾಸದಲ್ಲಿ ಬ್ಲೂಮ್‌ಲೈನ್ ತೊಡಗಿದರು. ಎರಡು ಸಂಕೇತಗಳನ್ನು ಒಂದರಿಂದ ಇನ್ನೊಂದಕ್ಕೆ ಬೆರೆಯದಂತೆ ಕಾಯುವ ಈ ಸಮಸ್ಯೆಯೇ ಮುಂದೆ ಸ್ಟೀರಿಯೊ ತಟ್ಟೆಯಲ್ಲಿ ಬೇರೆ ರೂಪದಲ್ಲಿ ಎದುರಾಯಿತು.

ಕೊಲಂಬಿಯಾ ಮತ್ತು ಇಎಮ್‌ಐ

1929ರಲ್ಲಿ ಬ್ಲೂಮ್‌ಲೈನ್ ಕೊಲಂಬಿಯಾ ಗ್ರಾಫೊಫೋನ್ ಕಂಪನಿಗೆ ಬಂದರು. ಅಲ್ಲಿ ಐಸಾಕ್ ಶೋನ್‌ಬರ್ಗ್ ಅವರ ಮೇಲಧಿಕಾರಿಯಾಗಿದ್ದರು. ಆಗ ವಿದ್ಯುತ್ ಧ್ವನಿಮುದ್ರಣದ ಪೇಟೆಂಟ್‌ಗಳು ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಸಂಸ್ಥೆಯ ಕೈಯಲ್ಲಿದ್ದು, ಕೊಲಂಬಿಯಾ ತಾನು ಮಾರುವ ತಟ್ಟೆಗಳಿಗೆಲ್ಲ ಅದಕ್ಕೆ ಗೌರವಧನ ಸಲ್ಲಿಸಬೇಕಾಗಿತ್ತು. ಆ ಪೇಟೆಂಟ್‌ಗಳ ವ್ಯಾಪ್ತಿಗೆ ಬಾರದ ಹೊಸ ವ್ಯವಸ್ಥೆಯನ್ನು ರೂಪಿಸುವುದೇ ಬ್ಲೂಮ್‌ಲೈನ್ ಅವರಿಗೆ ವಹಿಸಿದ ಕೆಲಸ. ಹರ್ಬರ್ಟ್ ಹೋಲ್ಮನ್ ಮೊದಲಾದ ಸಹೋದ್ಯೋಗಿಗಳೊಡನೆ ಅವರು ಚಲಿಸುವ ಸುರುಳಿಯ ಮೈಕ್ರೋಫೋನನ್ನೂ ಗೀರು ಕೊರೆಯುವ ಯಂತ್ರವನ್ನೂ ನಿರ್ಮಿಸಿದರು. ಕೊರೆಯುವ ಉಳಿಯ ಅನಗತ್ಯ ಕಂಪನವನ್ನು ಅಡಗಿಸಲು ಅಮೆರಿಕದ ಯಂತ್ರದಲ್ಲಿ ರಬ್ಬರ್ ಬಳಸಲಾಗುತ್ತಿತ್ತು. ಬ್ಲೂಮ್‌ಲೈನ್ ಅದೇ ಕಾರ್ಯವನ್ನು ವಿದ್ಯುತ್ಕಾಂತೀಯ ವಿಧಾನದಿಂದ ಸಾಧಿಸಿದರು. ಗೌರವಧನದ ಹೊರೆಯಿಂದ ಬಿಡುಗಡೆ ದೊರೆತದ್ದಷ್ಟೇ ಅಲ್ಲದೆ ಧ್ವನಿಯ ಗುಣಮಟ್ಟವೂ ಸುಧಾರಿಸಿತು.

1931ರಲ್ಲಿ ಕೊಲಂಬಿಯಾ ಮತ್ತು ಗ್ರಾಮಫೋನ್ ಕಂಪನಿಗಳು ವಿಲೀನಗೊಂಡು ಇಎಮ್‌ಐ ಸ್ಥಾಪನೆಯಾಯಿತು. ಭಾರತದ ಕೇಳುಗರಿಗೆ ನಾಯಿಯ ಚಿತ್ರದ ಎಚ್‌ಎಮ್‌ವಿ ತಟ್ಟೆಗಳ ಮೂಲಕ ಪರಿಚಿತವಾಗಿದ್ದುದು ಇದೇ ಗ್ರಾಮಫೋನ್ ಕಂಪನಿ.

ಸ್ಟೀರಿಯೊ ಧ್ವನಿಯ ಪೇಟೆಂಟ್

ಮಾತಿನ ಚಲನಚಿತ್ರಗಳು ಆಗಷ್ಟೇ ಬಳಕೆಗೆ ಬಂದಿದ್ದವು. 1931ರಲ್ಲಿ, ಮುಂದೆ ತಮ್ಮ ಪತ್ನಿಯಾಗಲಿದ್ದ ಡೊರೀನ್ ಲೇನ್ ಅವರೊಡನೆ ಚಿತ್ರ ನೋಡುತ್ತಿದ್ದಾಗ, ನಟ ಪರದೆಯ ಒಂದು ಬದಿಯಲ್ಲಿದ್ದರೂ ಅವನ ಧ್ವನಿ ಇನ್ನೊಂದು ಕಡೆಯ ಧ್ವನಿವರ್ಧಕದಿಂದ ಬರುತ್ತಿರುವುದು ಬ್ಲೂಮ್‌ಲೈನ್ ಅವರನ್ನು ಕಾಡಿತೆಂದು ಹೇಳಲಾಗಿದೆ. ಧ್ವನಿಯು ನಟನನ್ನು ಹಿಂಬಾಲಿಸುವಂತೆ ಮಾಡುವ ಮಾರ್ಗವನ್ನು ಅವರು ಯೋಚಿಸತೊಡಗಿದರು. 14 ಡಿಸೆಂಬರ್ 1931ರಂದು ಸಲ್ಲಿಸಿದ ಅರ್ಜಿಗೆ 1933ರ ಜೂನ್‌ನಲ್ಲಿ 394325 ಸಂಖ್ಯೆಯ ಬ್ರಿಟಿಷ್ ಪೇಟೆಂಟ್ ದೊರೆಯಿತು. ಇದರಲ್ಲಿ 70 ಹಕ್ಕುಕೋರಿಕೆಗಳಿವೆ. ಸ್ಟೀರಿಯೊ ಎಂಬ ಪದವನ್ನು ಬ್ಲೂಮ್‌ಲೈನ್ ಬಳಸಲಿಲ್ಲ. ಅವರು ಇದನ್ನು ಎರಡು ಕಿವಿಗಳ ಧ್ವನಿ ಎಂಬ ಅರ್ಥದ ಬೈನಾರಲ್ ಎಂಬ ಹೆಸರಿನಿಂದ ಕರೆದರು.

ಈ ಪೇಟೆಂಟಿನ ಮಹತ್ವವು ಎರಡು ಧ್ವನಿವರ್ಧಕಗಳನ್ನು ಇಟ್ಟದ್ದರಲ್ಲಿಲ್ಲ. ಅದೇ ಅವಧಿಯಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿಯೂ ಸ್ವತಂತ್ರವಾಗಿ ಇಂತಹ ಪ್ರಯೋಗಗಳು ನಡೆಯುತ್ತಿದ್ದವು. ಮನುಷ್ಯನು ಧ್ವನಿಯ ದಿಕ್ಕನ್ನು ಅರಿಯುವುದು ಹೇಗೆ ಎಂಬಲ್ಲಿಂದ ಆರಂಭಿಸಿ, ಮೈಕ್ರೋಫೋನ್‌ನಿಂದ ತಟ್ಟೆಯ ಗೀರಿನವರೆಗಿನ ಇಡೀ ಸರಪಳಿಯನ್ನು ಒಂದೇ ಬರಹದಲ್ಲಿ ಕಟ್ಟಿಕೊಟ್ಟದ್ದು ಬ್ಲೂಮ್‌ಲೈನ್ ಅವರ ಸಾಧನೆ. ಕೆಳಸ್ತರದ ಧ್ವನಿಗಳ ದಿಕ್ಕನ್ನು ಕಿವಿಗಳು ಮುಖ್ಯವಾಗಿ ಅಲೆಗಳು ತಲುಪುವ ಹೊತ್ತಿನ ವ್ಯತ್ಯಾಸದಿಂದಲೂ, ಮೇಲ್‌ಸ್ತರದ ಧ್ವನಿಗಳ ದಿಕ್ಕನ್ನು ಪ್ರಮಾಣದ ವ್ಯತ್ಯಾಸದಿಂದಲೂ ತಿಳಿಯುತ್ತವೆ. ಆದರೆ ಧ್ವನಿವರ್ಧಕಗಳೆರಡರ ಧ್ವನಿಯನ್ನೂ ಎರಡು ಕಿವಿಗಳೂ ಕೇಳುವುದರಿಂದ ಮೊದಲನೆಯ ಸುಳಿವು ಕಲಸಿಹೋಗುತ್ತದೆ. ಧ್ವನಿವರ್ಧಕಗಳ ನಡುವೆ ಪ್ರಮಾಣದ ವ್ಯತ್ಯಾಸವನ್ನು ಮಾತ್ರ ಸರಿಯಾಗಿ ಒದಗಿಸಿದರೆ, ಕೇಳುಗನ ಕಿವಿಗಳ ಬಳಿ ಬೇಕಾದ ಹೊತ್ತಿನ ವ್ಯತ್ಯಾಸ ತಾನಾಗಿ ಮೂಡುತ್ತದೆಂದು ಅವರು ತೋರಿಸಿದರು. ಇದಕ್ಕಾಗಿ ಎರಡು ಮೈಕ್ರೋಫೋನ್‌ಗಳನ್ನು ಒಂದೇ ಸ್ಥಳದಲ್ಲಿ ಪರಸ್ಪರ ಲಂಬಕೋನದಲ್ಲಿ ನಿಲ್ಲಿಸುವ ಕ್ರಮವು ಇಂದಿಗೂ ಬ್ಲೂಮ್‌ಲೈನ್ ಜೋಡಿ ಎಂಬ ಹೆಸರಿನಲ್ಲಿ ಬಳಕೆಯಲ್ಲಿದೆ.

1934ರ ಜನವರಿಯಲ್ಲಿ ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೊದಲ್ಲಿ ಸರ್ ಥಾಮಸ್ ಬೀಚಮ್ ನಿರ್ದೇಶನದಲ್ಲಿ ಲಂಡನ್ ಫಿಲ್‌ಹಾರ್ಮೋನಿಕ್ ವಾದ್ಯವೃಂದವು ಮೊಟ್ಸಾರ್ಟ್‌ನ ಜುಪಿಟರ್ ಸಿಂಫನಿಯನ್ನು ಅಭ್ಯಾಸ ಮಾಡುತ್ತಿದ್ದಾಗ ಪ್ರಾಯೋಗಿಕ ಮುದ್ರಣ ನಡೆಯಿತು. 1935ರಲ್ಲಿ ಹೇಯ್ಸ್ ರೈಲು ನಿಲ್ದಾಣದಲ್ಲಿ ಬಂದುಹೋಗುವ ರೈಲುಗಳ ಕಿರುಚಿತ್ರವೂ ಸಿದ್ಧವಾಯಿತು. ಆದರೆ ಅರಗಿನ ತಟ್ಟೆಗಳ ಕರಕರ ಸದ್ದು, ಆರ್ಥಿಕ ಕುಸಿತ ಮತ್ತು ದೂರದರ್ಶನದ ತುರ್ತು ಇವುಗಳಿಂದಾಗಿ ಕಂಪನಿಯು ಈ ಕೆಲಸವನ್ನು ಬದಿಗಿಟ್ಟಿತು.

ಗೀರಿನ ರಚನೆ ಮತ್ತು ಇಂದಿನ ಕಾರ್ಟ್ರಿಜ್

ಒಂದು ಗೀರಿನಲ್ಲಿ ಎರಡು ಸಂಕೇತಗಳನ್ನು ಬರೆಯಲು ಪೇಟೆಂಟ್ ಎರಡು ದಾರಿಗಳನ್ನು ಸೂಚಿಸುತ್ತದೆ. ಒಂದನ್ನು ಅಡ್ಡಲಾಗಿಯೂ ಇನ್ನೊಂದನ್ನು ಮೇಲೆ-ಕೆಳಗಾಗಿಯೂ ಕೊರೆಯುವುದು ಮೊದಲನೆಯದು. ತಟ್ಟೆಯ ಮೇಲ್ಮೈಗೆ 45 ಡಿಗ್ರಿ ವಾಲಿದ ಎರಡು ಗೋಡೆಗಳಲ್ಲಿ ಒಂದೊಂದರ ಮೇಲೆ ಒಂದೊಂದನ್ನು ಕೊರೆಯುವುದು ಎರಡನೆಯದು. ಇಂದು ಪ್ರಪಂಚದಾದ್ಯಂತ ನೆಲೆಗೊಂಡಿರುವುದು ಎರಡನೆಯ ದಾರಿ. ಇದರಿಂದ ಎರಡೂ ಧ್ವನಿಗಳಿಗೆ ಸಮಾನ ಗುಣಮಟ್ಟ ದೊರೆಯುತ್ತದೆ. ಎಡ-ಬಲಗಳಿಗೆ ಸಾಮಾನ್ಯವಾದ ಧ್ವನಿಯು ಸೂಜಿಯ ಅಡ್ಡ ಚಲನೆಯಾಗಿಯೂ, ಅವುಗಳ ನಡುವಿನ ವ್ಯತ್ಯಾಸವು ಮೇಲೆ-ಕೆಳಗಿನ ಚಲನೆಯಾಗಿಯೂ ಮೂಡುವುದರಿಂದ, ಹಳೆಯ ಮಾನೊ ತಟ್ಟೆಗಳನ್ನೂ ಸ್ಟೀರಿಯೊ ಕಾರ್ಟ್ರಿಜ್ ತೊಂದರೆಯಿಲ್ಲದೆ ಓದಬಲ್ಲದು.

ಚಲಿಸುವ ಸುರುಳಿಯ ಕಾರ್ಟ್ರಿಜ್‌ನಲ್ಲಿ ಸೂಜಿಯ ಕಡ್ಡಿಯ ಇನ್ನೊಂದು ತುದಿಗೆ ಎರಡು ಪುಟ್ಟ ಸುರುಳಿಗಳಿದ್ದು, ಪ್ರತಿಯೊಂದೂ ಒಂದು ಗೋಡೆಯ ಕಂಪನಕ್ಕೆ ಮಾತ್ರ ಸ್ಪಂದಿಸುವಂತೆ ಅಯಸ್ಕಾಂತದ ನಡುವೆ ಅಳವಡಿಸಿರುತ್ತಾರೆ. ಇದರಿಂದ ಹೊರಡುವ ವಿದ್ಯುತ್ ಸಾಮಾನ್ಯವಾಗಿ ಅರ್ಧ ಮಿಲಿವೋಲ್ಟ್‌ಗೂ ಕಡಿಮೆ. ಕಾರ್ಟ್ರಿಜ್ ತುಸು ಓರೆಯಾಗಿ ಕುಳಿತರೂ ಒಂದು ಗೋಡೆಯ ಧ್ವನಿ ಇನ್ನೊಂದರ ಸುರುಳಿಗೆ ಸೋರುತ್ತದೆ. ಎಷ್ಟೇ ಬೆಲೆ ತೆತ್ತು ತಂದರೂ ಜೋಡಣೆಯಲ್ಲಿ ತಾಳ್ಮೆ ಬೇಡುವ ಭಾಗವಿದು.

ದೂರದರ್ಶನ

1933ರಲ್ಲಿ ಬ್ಲೂಮ್‌ಲೈನ್ ಮತ್ತು ಡೊರೀನ್ ಲೇನ್ ವಿವಾಹವಾದರು. ಇವರಿಗೆ ಇಬ್ಬರು ಗಂಡುಮಕ್ಕಳು. ಆ ವರ್ಷಗಳಲ್ಲಿ ಶೋನ್‌ಬರ್ಗ್ ಅವರ ತಂಡವು 405 ಗೆರೆಗಳ ವಿದ್ಯುನ್ಮಾನ ದೂರದರ್ಶನವನ್ನು ರೂಪಿಸುತ್ತಿತ್ತು. ಚಿತ್ರವನ್ನು ಗೆರೆಗೆರೆಯಾಗಿ ಬಿಡಿಸುವ ಮಂಡಲಗಳು, ಸಂಕೇತದ ಅಲೆಯ ಸ್ವರೂಪ ಮತ್ತು ವರ್ಧಕಗಳ ವಿನ್ಯಾಸದಲ್ಲಿ ಬ್ಲೂಮ್‌ಲೈನ್ ಪ್ರಮುಖ ಪಾತ್ರ ವಹಿಸಿದರು. ಬಿಬಿಸಿ 2 ನವೆಂಬರ್ 1936ರಂದು ಅಲೆಕ್ಸಾಂಡ್ರಾ ಪ್ಯಾಲೇಸ್‌ನಿಂದ ಪ್ರಸಾರವನ್ನು ಆರಂಭಿಸಿದಾಗ ಬೇರ್ಡ್ ವ್ಯವಸ್ಥೆಯನ್ನೂ ಇದನ್ನೂ ಸರದಿಯಂತೆ ಬಳಸಿತು. ಕೆಲವೇ ತಿಂಗಳಲ್ಲಿ ಬೇರ್ಡ್ ವ್ಯವಸ್ಥೆಯನ್ನು ಕೈಬಿಡಲಾಯಿತು.

ರೇಡಾರ್ ಸಂಶೋಧನೆ ಮತ್ತು ಮರಣ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ಲೂಮ್‌ಲೈನ್ ವಿಮಾನಗಳಲ್ಲಿ ಅಳವಡಿಸುವ ರೇಡಾರ್‌ಗಳ ಕೆಲಸಕ್ಕೆ ತೊಡಗಿದರು. ಎಚ್‌2ಎಸ್ ಎಂಬ ಗುಪ್ತ ಹೆಸರಿನ ಸಾಧನವು ಕತ್ತಲಿನಲ್ಲಿಯೂ ಮೋಡದ ಮೇಲಿನಿಂದಲೂ ಕೆಳಗಿನ ನೆಲದ ನಕಾಶೆಯನ್ನು ಪರದೆಯ ಮೇಲೆ ಮೂಡಿಸಬೇಕಾಗಿತ್ತು. 7 ಜೂನ್ 1942ರಂದು ಅದರ ಪರೀಕ್ಷೆಗಾಗಿ ಡೆಫರ್ಡ್ ವಾಯುನೆಲೆಯಿಂದ ಹೊರಟ ವಿ9977 ಸಂಖ್ಯೆಯ ಹ್ಯಾಲಿಫ್ಯಾಕ್ಸ್ ವಿಮಾನದ ಬಲಬದಿಯ ಹೊರ ಎಂಜಿನ್‌ಗೆ ಬೆಂಕಿ ಹತ್ತಿತು. ವಿಮಾನವು ಹೆರೆಫರ್ಡ್‌ಶೈರ್‌ನ ವೆಲ್ಷ್ ಬಿಕ್ನರ್ ಹಳ್ಳಿಯ ಬಳಿ ನೆಲಕ್ಕಪ್ಪಳಿಸಿ, ಅದರಲ್ಲಿದ್ದ 11 ಮಂದಿಯೂ ಮೃತಪಟ್ಟರು. ಬ್ಲೂಮ್‌ಲೈನ್ ಅವರೊಡನೆ ಇಎಮ್‌ಐನ ಸೆಸಿಲ್ ಬ್ರೌನ್ ಮತ್ತು ಫ್ರಾಂಕ್ ಬ್ಲೈಥನ್ ಸಹ ಇದ್ದರು. ಎಂಜಿನ್ನಿನ ತಪಾಸಣೆಯ ವೇಳೆ ಒಂದು ನಟ್ಟನ್ನು ಸರಿಯಾಗಿ ಬಿಗಿಯದೆ ಬಿಟ್ಟದ್ದರಿಂದ ಕವಾಟ ಮುರಿದು ಬೆಂಕಿ ಹೊತ್ತಿತೆಂದು ತನಿಖೆ ಕಂಡುಕೊಂಡಿತು. ಆಗ ಬ್ಲೂಮ್‌ಲೈನ್ ಅವರಿಗೆ 38 ವರ್ಷ. ಯುದ್ಧಕಾಲದ ಗೋಪ್ಯತೆಯ ಕಾರಣ ಸುಮಾರು ಮೂರು ವರ್ಷಗಳ ಕಾಲ ಅವರ ಮರಣವಾರ್ತೆಯೂ ಪ್ರಕಟವಾಗಲಿಲ್ಲ. ಎಚ್‌2ಎಸ್ ಮಾತ್ರ 1943ರ ಜನವರಿ ಕೊನೆಗೆ ಹ್ಯಾಂಬರ್ಗ್ ಮೇಲಿನ ದಾಳಿಯಲ್ಲಿ ಬಳಕೆಗೆ ಬಂದಿತು.

ಮರಣಾನಂತರ

ಸ್ಟೀರಿಯೊ ಪೇಟೆಂಟಿನ ಅವಧಿಯನ್ನು ವಿಸ್ತರಿಸಲಾಗಿತ್ತಾದರೂ ಅದು 1952ರಲ್ಲಿ ಮುಗಿದುಹೋಯಿತು. ಸ್ಟೀರಿಯೊ ತಟ್ಟೆಗಳು ಮಾರುಕಟ್ಟೆಗೆ ಬಂದದ್ದು ಅದಾದ ಐದಾರು ವರ್ಷಗಳ ಮೇಲೆ. 1957ರಲ್ಲಿ ಅಮೆರಿಕದ ವೆಸ್ಟ್ರೆಕ್ಸ್ ಸಂಸ್ಥೆ ಪ್ರದರ್ಶಿಸಿದ 45/45 ವ್ಯವಸ್ಥೆಯು ಮರುವರ್ಷ ಉದ್ಯಮದ ಮಾನದಂಡವಾಯಿತು. ಹೀಗಾಗಿ ಈ ಆವಿಷ್ಕಾರದ ಗಳಿಕೆ ಬ್ಲೂಮ್‌ಲೈನ್ ಕುಟುಂಬಕ್ಕಾಗಲಿ ಪೇಟೆಂಟ್ ಹೊಂದಿದ್ದ ಕಂಪನಿಗಾಗಲಿ ದಕ್ಕಲಿಲ್ಲ.

ಈಲಿಂಗ್‌ನಲ್ಲಿ ಅವರು ವಾಸವಾಗಿದ್ದ ಮನೆಗೆ 1977ರಲ್ಲಿ ಸ್ಮಾರಕ ಫಲಕವನ್ನು ಹಾಕಲಾಯಿತು. ಅವರ ಮೊದಲ ವಿಸ್ತೃತ ಜೀವನಚರಿತ್ರೆಗಳು 1999 ಮತ್ತು 2000ದಲ್ಲಿ ಪ್ರಕಟವಾದವು. 2017ರಲ್ಲಿ ಅಮೆರಿಕದ ರೆಕಾರ್ಡಿಂಗ್ ಅಕಾಡೆಮಿಯು ಅವರಿಗೆ ಮರಣೋತ್ತರವಾಗಿ ತಾಂತ್ರಿಕ ಗ್ರ್ಯಾಮಿ ಪ್ರಶಸ್ತಿಯನ್ನು ನೀಡಿತು.